ಹುಳದ ಮನೆಯೊಳಗಿನ ಬೂಟು

ಮಧುವನಹಳ್ಳಿಯ ಪುಟ್ಟಮಾದಪ್ಪನವರ ಚಾಕಿ ಕೇಂದ್ರದ ಬಾಗಿಲಲ್ಲಿ ಒಂದು ಕಬ್ಬಿಣದ ಕುರ್ಚಿ ಇದೆ. ಹಗಲೆಲ್ಲ ಅದರ ಮೇಲೆ ಪುಟ್ಟಮಾದಪ್ಪನವರು ಇರುತ್ತಾರೆ. ಎಪ್ಪತ್ತೆರಡು ವರ್ಷ, ಹಣೆ ತುಂಬ ವಿಭೂತಿ, ಮತ್ತು ರೇಷ್ಮೆ ಬೆಳೆಯುವವರೆಲ್ಲ ಹೆದರುವ ಒಂದು ಮೂಗು. ಒಳಗೆ ಕಾಲಿಡುವವರನ್ನು ಅವರು ಮೊದಲು ಮೂಸುತ್ತಾರೆ. ಬೀಡಿ ವಾಸನೆ ಬಂತೋ, ಬಂದ ದಾರಿಯಲ್ಲೇ ವಾಪಸ್ಸು. ಸೊಳ್ಳೆ ಬತ್ತಿ ಹಚ್ಚಿ ಮಲಗಿದ್ದವರು ಸ್ನಾನ ಮಾಡಿ, ಬಟ್ಟೆ ಬದಲಿಸಿ ಬರಬೇಕು. ತಲೆಗೆ ಘಮಘಮ ಎಣ್ಣೆ ಹಚ್ಚಿದ್ದರೆ ಹೆಗಲ ಮೇಲಿನ ಟವೆಲ್ಲನ್ನು ತಾವೇ ಕೊಟ್ಟು, ಒರೆಸಿಕೋ ಅನ್ನುತ್ತಾರೆ. ಚಪ್ಪಲಿಯಂತೂ ಅಂಗಳದ ಆಚೆಗೇ ನಿಲ್ಲಬೇಕು. ಎಂಥ ದೊಡ್ಡವರ ಭಾವಮೈದುನನೇ ಬಂದರೂ ಅಷ್ಟೆ.

ನೋಡುವುದಕ್ಕೆ ಮಡಿಯ ಹಾಗೆ ಕಂಡರೂ ಇದು ಮಡಿ ಅಲ್ಲ. ಚಾಕಿ ಕೇಂದ್ರ ಅಂದರೆ ರೇಷ್ಮೆ ಹುಳದ ಅಂಗನವಾಡಿ. ಮೊಟ್ಟೆಯಿಂದ ಆಗ ತಾನೇ ಹೊರಗೆ ಬಂದ ಹುಳ ಕಪ್ಪು ದಾರದ ಚೂರಿನಷ್ಟಿರುತ್ತದೆ. ಎರಡು ಸಲ ಪೊರೆ ಬಿಡುವ ತನಕ ಅದನ್ನು ಇಲ್ಲಿ ಸಾಕಿ, ಆಮೇಲೆ ಹನೂರು, ಅಜ್ಜೀಪುರ, ಯಳಂದೂರು ಕಡೆಯ ರೈತರಿಗೆ ಕೊಡುತ್ತಾರೆ. ಪೊರೆ ಬಿಡುವುದಕ್ಕೆ ಹುಳ ಸಾಕುವವರ ಬಾಯಲ್ಲಿ ಜ್ವರ ಅಂತ ಹೆಸರು. ಹುಳ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು, ಒಂದು ದಿನ ಅಲ್ಲಾಡದೆ ಕೂತಿರುತ್ತದೆ. ಆಮೇಲೆ ಹಳೆಯ ಚರ್ಮ ಕಳಚಿ ಏಳುತ್ತದೆ. ಆ ವಯಸ್ಸಿನ ಹುಳಕ್ಕೆ ಒಂದು ಕೆಟ್ಟ ವಾಸನೆ, ಹೊರಗಿನ ಒಂದು ಚಿಟಿಕೆ ಧೂಳು ತಗುಲಿದರೆ ನೂರು ಮನೆಯ ಬೆಳೆ ಗುಂಡಿಗೆ ಹೋಗುತ್ತದೆ. ಮುದುಕರ ಮೂಗು ಸುಮ್ಮನೆ ಬೆಳೆದದ್ದಲ್ಲ.

ಈ ಬಾಗಿಲಿನ ಒಳಗೆ ಇಪ್ಪತ್ತೊಂಬತ್ತು ವರ್ಷದಿಂದ ನಿಂತಿರುವವರು ಶಿವರತ್ನಮ್ಮ. ಕೆಲಸ ಮಾಡುತ್ತಿರುವವರು ಅಂತ ಬರೆಯಬಹುದಿತ್ತು. ನಿಂತಿರುವವರು ಅನ್ನುವುದೇ ಸರಿ. ಬೆಳಿಗ್ಗೆ ಆರಕ್ಕೆ ಬಂದು ನಿಂತರೆ ಮಧ್ಯಾಹ್ನ ಊಟಕ್ಕೆ ಅರ್ಧ ಗಂಟೆ ಕೂರುತ್ತಾರೆ, ಮತ್ತೆ ಸಂಜೆಯ ತನಕ ನಿಂತೇ. ತಲೆಗಿಂತ ಎತ್ತರದ ರ್‍ಯಾಕು, ಅದರಲ್ಲಿ ಒಂದರ ಮೇಲೊಂದು ಟ್ರೇ. ಮೇಲಿನದನ್ನು ಕೆಳಗಿಳಿಸಬೇಕು, ಕೆಳಗಿನದನ್ನು ಮೇಲೆತ್ತಬೇಕು, ಒಂದೊಂದಕ್ಕೂ ಸೊಪ್ಪು ಉದುರಿಸಬೇಕು. ಗಾಳಿ ತೇವವಾಗಿರಲಿ ಅಂತ ಸಿಮೆಂಟು ನೆಲಕ್ಕೆ ನೀರು ಚಿಮುಕಿಸುತ್ತಲೇ ಇರುತ್ತಾರೆ. ಆ ನೆಲದ ಮೇಲೆ ಬರಿಗಾಲು.

ಕೊಳ್ಳೇಗಾಲದ ಅಂಗಡಿಗಳಲ್ಲಿ ರೇಷ್ಮೆ ಸೀರೆ ನೋಡಲು ಹೋದವರನ್ನು ಬಿಳಿ ಹಾಸಿನ ಮೆತ್ತೆಯ ಮೇಲೆ ಕೂರಿಸುತ್ತಾರೆ. ಕುಡಿಯಲು ತಂಪಾದದ್ದು ಕೊಡುತ್ತಾರೆ. ನೂರು ಸೀರೆ ಬಿಚ್ಚಿಸಿ ಒಂದನ್ನೂ ಕೊಳ್ಳದೆ ಎದ್ದು ಬಂದವರನ್ನು ನಾನು ಕಂಡಿದ್ದೇನೆ, ಅವರ ಕಾಲಿಗೆ ಏನೂ ಆಗಿರಲಿಲ್ಲ. ಆ ಸೀರೆಯ ನೂಲನ್ನು ಅದು ಹುಳವಾಗಿದ್ದಾಗಿನಿಂದ ಸಾಕಿದ ಹೆಂಗಸಿಗೆ ಮಾತ್ರ ಇಡೀ ದಿನದಲ್ಲಿ ಒಂದು ಸ್ಟೂಲು ಇಲ್ಲ. ಇದನ್ನು ಬರೆದರೆ, ಎಲ್ಲದಕ್ಕೂ ಸಿಟ್ಟು ಮಾಡ್ಕೋತೀಯಪ್ಪ ಅನ್ನುತ್ತಾರೆ. ಹೌದು, ಮಾಡಿಕೊಳ್ಳುತ್ತೇನೆ. ಆದರೆ ಶಿವರತ್ನಮ್ಮನವರಿಗೆ ಸಿಟ್ಟಿಲ್ಲ. ಅವರಿಗೆ ಹುಳ ಇಷ್ಟ. ಟ್ರೇಯ ಮೇಲೆ ಅಂಗೈ ಹಿಡಿದರೆ ಸಾಕು, ತೇವ ಹೆಚ್ಚಾಯಿತೋ ಕಡಿಮೆಯಾಯಿತೋ ಹೇಳುತ್ತಾರೆ. ಗೋಡೆಯ ಮೇಲಿನ ಮೀಟರು ಹತ್ತು ನಿಮಿಷ ತಡವಾಗಿ ಅದನ್ನೇ ಹೇಳುತ್ತದೆ.

ಸೊಪ್ಪು ಹೆಚ್ಚುವುದರಲ್ಲೂ ಹಾಗೇ. ಈಗ ಅದಕ್ಕೆ ಮಷೀನು ಬಂದಿದೆ. ಕರೆಂಟು ಹೋದ ದಿನ ಮಾತ್ರ ಕತ್ತಿ ಹಿಡಿಯುತ್ತಾರೆ. ಹಿಪ್ಪುನೇರಳೆ ಎಲೆಯನ್ನು ಸುರುಳಿ ಸುತ್ತಿ, ಹುಳದ ಉದ್ದ ನೋಡಿಕೊಂಡು, ಶ್ಯಾವಿಗೆಯ ಹಾಗೆ ಹೆಚ್ಚುತ್ತಾರೆ. ಒಮ್ಮೆ ಅವರು ಮದುವೆಗೆ ಹೋಗಿದ್ದಾಗ ಪುಟ್ಟಮಾದಪ್ಪನವರೇ ಹೆಚ್ಚಿ ಹಾಕಿದ್ದರು. ವಾಪಸ್ಸು ಬಂದವರು ಟ್ರೇ ನೋಡಿ, “ಯಜಮಾನ್ರೇ, ಇದೇನ್ ಉಳಕ್ಕೆ ಆಕಿದ್ದೋ, ಉಪ್ಪೆಸರಿಗೆ ಎಚ್ಚಿದ್ದೋ?” ಅಂದಿದ್ದರಂತೆ. ಉಪ್ಪೆಸರು ಅಂದರೆ ಈ ಕಡೆಯ ಸೊಪ್ಪಿನ ಸಾರು, ಅದಕ್ಕೆ ಸೊಪ್ಪನ್ನು ದಪ್ಪದಪ್ಪಗೆ ಹೆಚ್ಚುತ್ತಾರೆ. ಆ ಮಾತನ್ನು ಮುದುಕರು ಇನ್ನೂ ಮರೆತಿಲ್ಲ.

ಕಳೆದ ವರ್ಷ ಗೌರಿ ಹಬ್ಬದ ಹೊತ್ತಿಗೆ ಶಿವರತ್ನಮ್ಮನವರ ಎಡ ಹಿಮ್ಮಡಿ ನೋಯಲು ಶುರುವಾಯಿತು. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟರೆ ಜಾಲಿಮುಳ್ಳು ನೆಟ್ಟ ಹಾಗೆ. ಕಾರ್ತಿಕದ ಹೊತ್ತಿಗೆ ಬಲದ್ದೂ ಅದೇ ದಾರಿ ಹಿಡಿಯಿತು. ಕೊಳ್ಳೇಗಾಲದ ಡಾಕ್ಟರು ಒತ್ತಿ ನೋಡಿ ಹೇಳಿದರು: ತಣ್ಣನೆ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲಬೇಡಿ, ಮನೆಯ ಒಳಗೂ ಹೊರಗೂ ಮೆತ್ತಗಿರುವ ಶೂ ಹಾಕಿಕೊಳ್ಳಿ, ಮೂರು ತಿಂಗಳು ರೆಸ್ಟು ತಗೊಳ್ಳಿ.

“ಮೂರ್ರಲ್ಲಿ ಒಂದ್ ಏಳಿ ಸಾ,” ಅಂದರು ಶಿವರತ್ನಮ್ಮ. “ಮೂರೂ ನನ್ ಕೈಲಿ ಆಗಕ್ಕಿಲ್ಲ.”

ಡಾಕ್ಟರು ನಕ್ಕು ಮುಂದಿನವರನ್ನು ಕರೆದರು. ಅವರನ್ನು ಬೈಯುವುದಿಲ್ಲ, ಅವರ ಬಾಗಿಲಲ್ಲಿ ಅರವತ್ತು ಜನ ನಿಂತಿದ್ದರು. ಆದರೆ ರೆಸ್ಟು ಅನ್ನುವ ಮಾತನ್ನು ಮಾತ್ರೆಯ ಹಾಗೆ ಚೀಟಿಯಲ್ಲಿ ಬರೆದುಕೊಡುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅದನ್ನು ಯಾವ ಅಂಗಡಿಯಲ್ಲಿ ಮಾರುತ್ತಾರೆ?

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಪುಟ್ಟಮಾದಪ್ಪನವರು ಒಳಗೆ ಬಂದಾಗ ಶಿವರತ್ನಮ್ಮ ರ್‍ಯಾಕು ಹಿಡಿದುಕೊಂಡು ಕೊಕ್ಕರೆಯ ಹಾಗೆ ಒಂದೇ ಕಾಲಲ್ಲಿ ನಿಂತಿದ್ದರು.

“ರತ್ನವ್ವ, ಯುಗಾದಿ ಬ್ಯಾಚು ಮುಗಿಸ್ಬುಡು. ಆಮ್ಯಾಕೆ ನೀನು ಮನೇಲಿರು.”

“ಯಾಕೆ? ನಾನೇನ್ ತಪ್ ಮಾಡ್ದೆ?”

“ತಪ್ಪಲ್ಲ ಕಣವ್ವ. ಕಾಲ್ ಸೋತು ರ್‍ಯಾಕಿನ ಮ್ಯಾಲೆ ಬಿದ್ರೆ ನೀನೂ ಓಯ್ತೀಯೆ, ಉಳವೂ ಓಯ್ತವೆ.”

“ನೀವು ಎದ್ರತಿರದು ನನಗಾ, ಉಳಕ್ಕಾ?”

“ಎರಡಕ್ಕೂವೆ,” ಅಂದರು ಮುದುಕರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. “ಉಳಕ್ಕೆ ಒಸಿ ಜಾಸ್ತಿ.”

ಶಿವರತ್ನಮ್ಮ ಅವತ್ತು ಮನೆಗೆ ಬಂದು ಅಡುಗೆ ಮಾಡಲಿಲ್ಲವಂತೆ. ಗಂಡ ಮಹದೇವಯ್ಯ ಅಂಗಡಿಯಿಂದ ಬೋಂಡ ತಂದರಂತೆ. ಐವತ್ತಾರು ವಯಸ್ಸಿಗೆ ಕೆಲಸ ಬಿಟ್ಟರೆ ಊಟಕ್ಕೆ ಕಷ್ಟ ಅಂತಲ್ಲ, ಮಹದೇವಯ್ಯನವರಿಗೆ ಎಮ್ಮೆ ಇದೆ, ತುಂಡು ಹೊಲ ಇದೆ. ಆದರೆ ಈ ಹೆಂಗಸಿಗೆ ಊರಿನಲ್ಲಿ ಒಂದು ಹೆಸರಿದ್ದರೆ ಅದು ಹುಳದ ರತ್ನಮ್ಮ ಅಂತ. ಅಜ್ಜೀಪುರದ ರೈತ ಫೋನು ಮಾಡಿ, ಹುಳ ಯಾಕೋ ಸಪ್ಪಗಿದಾವೆ ಅಂತ ಕೇಳುವುದು ಯಜಮಾನರನ್ನಲ್ಲ, ಇವರನ್ನು. ಮನೆಯಲ್ಲಿ ಕೂತ ಮೇಲೆ ಯಾರು ಕೇಳುತ್ತಾರೆ?

ಇಲ್ಲಿಗೆ ಬೂಟು ಬಂತು.

ನಾಗಶ್ರೀ ಶಿವರತ್ನಮ್ಮನವರ ತಮ್ಮನ ಮಗಳು. ಯಳಂದೂರಿನವಳು, ಡಿಗ್ರಿ ಎರಡನೇ ವರ್ಷ, ಬಾಸ್ಕೆಟ್‌ಬಾಲ್ ಆಡುತ್ತಾಳೆ. ಆ ತಿಂಗಳು ಕಾಲೇಜು ಹುಡುಗಿಯರ ಒಂದು ಟೂರ್ನಮೆಂಟಿನಲ್ಲಿ ಎಲ್ಲರಿಗಿಂತ ಹೆಚ್ಚು ಬಾಲು ಹಾಕಿದ್ದಕ್ಕೆ ಅವಳಿಗೊಂದು ಜೊತೆ ಬೂಟು ಬಹುಮಾನ ಕೊಟ್ಟರು. ಶಾಲು ಹೊದಿಸಿದರು, ಫೋಟೊ ತೆಗೆದರು. ಡಬ್ಬ ಬಿಚ್ಚಿದರೆ ಗಂಡಸರ ಒಂಬತ್ತನೇ ನಂಬರು. ಆಡಿದವಳು ಹುಡುಗಿ, ಅವಳಿಗೂ ಕಾಲಿದೆ, ಆ ಕಾಲಿಗೊಂದು ಅಳತೆ ಇದೆ ಅಂತ ವೇದಿಕೆಯ ಮೇಲಿದ್ದ ಏಳು ಜನ ಗಂಡಸರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಫೋಟೊ ಮಾತ್ರ ಚೆನ್ನಾಗಿ ಬಂದಿದೆ.

ಬದಲಿಸಿ ಕೊಡಿ ಅಂದರೆ ಬಹುಮಾನದ ಮಾಲು ಬದಲಿಸುವುದಿಲ್ಲ ಅಂದರಂತೆ. ನಾಗಶ್ರೀ ಒಂದು ಭಾನುವಾರ ಬಸ್ಸು ಹತ್ತಿ ಡಬ್ಬವನ್ನು ಸೀದಾ ಅತ್ತೆಯ ಮನೆಗೆ ತಂದಳು.

“ಇದೇನಮ್ಮಿ ಇದು? ಪೊಲೀಸ್ನೋರ್ ಬೂಟಾ?”

“ಅಲ್ಲ ಅತ್ತೆ, ಬಾಸ್ಕೆಟ್‌ಬಾಲ್ ಬೂಟು. ನಲವತ್ ವರ್ಷದ ಇಂದೆ ಆಡೋರು ಇಂಥದೇ ಆಕ್ಕತಿದ್ರಂತೆ. ಅದೇ ಆಕಾರ ಇಟ್ಟು ಒಳಗಡೆ ಮಾತ್ರ ಒಸಾದು ಮಾಡವ್ರೆ. ಒತ್ತಿ ನೋಡಿ.”

ಕೆಂಪು ಚರ್ಮ, ಬಿಳಿ ಅಂಚು, ಕಣಕಾಲು ಮುಚ್ಚುವಷ್ಟು ಎತ್ತರದ ಕುತ್ತಿಗೆ. ಹೊರಗಿನಿಂದ ನೋಡಿದರೆ ಬಂಡೆ. ಶಿವರತ್ನಮ್ಮ ಒಳಗೆ ಬೆರಳು ಹಾಕಿ ಒತ್ತಿದರು. ಒತ್ತಿದಷ್ಟು ಇಳಿಯಿತು, ಬಿಟ್ಟರೆ ನಿಧಾನಕ್ಕೆ ಮೇಲೆ ಬಂತು. ಹುದುಗು ಬಂದ ಹಿಟ್ಟಿನ ಹಾಗೆ.

“ಇಷ್ಟ್ ಚೆಂದಾಗಿ ಅದೆ, ನೀನೇ ಆಕ್ಕಳಮ್ಮಿ.”

“ನನ್ ಕಾಲು ಇದ್ರಲ್ಲಿ ಈಜಾಡ್ತದೆ. ಅಲ್ದೆ ಆಡಕ್ಕೆ ಇದು ಭಾರ ಅತ್ತೆ. ಈಗ ಆಡೋ ಬೂಟುಗಳು ಹಗುರಾಗಿರ್ತವೆ. ಇದು ಆಡೋರಿಗಲ್ಲ, ನಿಂತ್ಕಳೋರಿಗೆ.”

ನಿಂತ್ಕಳೋರಿಗೆ ಅನ್ನುವ ಆ ಮಾತು ಶಿವರತ್ನಮ್ಮನವರ ಕಿವಿಯಲ್ಲಿ ಉಳಿಯಿತು.

ನಾಗಶ್ರೀ ಮಂಡಿಯೂರಿ ಕೂತು ಅತ್ತೆಗೆ ದಪ್ಪ ಕಾಲುಚೀಲ ತೊಡಿಸಿ, ಬೂಟು ಹಾಕಿ, ಲೇಸು ಕಟ್ಟಿದಳು. ಇಪ್ಪತ್ತೊಂಬತ್ತು ವರ್ಷ ಬರಿಗಾಲಲ್ಲಿ ನಿಂತು ಅಗಲವಾದ ಪಾದ ಗಂಡಸರ ಒಂಬತ್ತನೇ ನಂಬರಿಗೆ ಸರಿಯಾಗಿ ಕೂತಿತು. ಬೆರಳುಗಳ ಕಡೆ ಎಷ್ಟು ಜಾಗ ಅಂದರೆ ಕಾಲುಂಗುರ ಎಲ್ಲೂ ಒತ್ತಲಿಲ್ಲ. ಮಾಮೂಲಿ ಶೂ ಹಾಕಿದ ಹೆಂಗಸರಿಗೆ ಕಾಲುಂಗುರದ ಪಾಡು ಏನು ಅಂತ ಗೊತ್ತಿರುತ್ತದೆ. ಶೂ ಮಾಡುವವರಿಗೆ ಅದು ಗೊತ್ತಿಲ್ಲ.

ಶಿವರತ್ನಮ್ಮ ಎದ್ದು ನಿಂತರು. ನಲ್ಲಿಯ ತನಕ ಹೋದರು, ಎಮ್ಮೆಯ ತನಕ ಹೋದರು, ವಾಪಸ್ಸು ಬಂದರು. “ನೆಲ ದೂರ ಓಯ್ತಲ್ಲ ಅಮ್ಮಿ,” ಅಂದರು.

ಜಗಲಿಯ ಮೇಲೆ ಕೂತಿದ್ದ ಮಹದೇವಯ್ಯ, “ಒಸಿ ಆ ಕಡೆ ನಡಿ, ಎಮ್ಮೆ ಎದ್ರಿ ಆಲು ಬುಡದ್ ನಿಲ್ಸಾತು,” ಅಂದರು. ಹೆಂಡತಿ ಅಡುಗೆಗೆ ನಗುನಗುತ್ತ ಎದ್ದದ್ದು ಅವರಿಗೆ ಸಾಕಾಗಿತ್ತು.

ಆ ವಾರವೆಲ್ಲ ಅವರು ಮನೆಯಲ್ಲಿ ಬೂಟು ಹಾಕಿಕೊಂಡೇ ಓಡಾಡಿದರು. ದೋಷಗಳೂ ಕಂಡವು. ಒಂದೊಂದು ಕಾಲಿಗೆ ಸೇರು ರಾಗಿ ಕಟ್ಟಿದಷ್ಟು ತೂಕ. ಎತ್ತರದ ಕುತ್ತಿಗೆ ಎರಡು ದಿನ ಕಣಕಾಲನ್ನು ತರಚಿತು. ಮೇಲಿನ ಎರಡು ತೂತಿನ ಲೇಸು ಬಿಚ್ಚಿಟ್ಟರೆ ತರಚುವುದಿಲ್ಲ ಅಂತ ಮೂರನೆಯ ದಿನ ತಾವೇ ಕಂಡುಕೊಂಡರು. ಬಗ್ಗಿ ಲೇಸು ಕಟ್ಟುವುದು ಕಷ್ಟ, ಅದಕ್ಕೆ ಒಮ್ಮೆ ಸಡಿಲವಾಗಿ ಕಟ್ಟಿ, ಹಿಂದಿನ ಪಟ್ಟಿ ಹಿಡಿದೆಳೆದು ಕಾಲು ತೂರಿಸುವುದನ್ನು ಕಲಿತರು. ಮಧ್ಯಾಹ್ನದ ಹೊತ್ತು ಒಳಗೆ ಬೆವರುತ್ತದೆ, ಕಾಲುಚೀಲ ಬದಲಿಸಬೇಕು. ಸೀರೆಯನ್ನು ಒಂದು ಗೇಣು ಮೇಲಕ್ಕೆ ಉಡಬೇಕು. ಆದರೆ ಮೆತ್ತನೆಯದು ಅಂತ ಕಾಲು ಹೂತುಹೋಗುವುದಿಲ್ಲ. ಹಿಮ್ಮಡಿಯನ್ನು ಯಾರೋ ಅಂಗೈಯಲ್ಲಿ ಹಿಡಿದುಕೊಂಡ ಹಾಗಿರುತ್ತದೆ. ಅಡಿಯ ರಬ್ಬರಿನ ಮೇಲೆ ಕೊರೆದಿರುವ ಸುತ್ತುಗಳು ಬಚ್ಚಲ ಕಲ್ಲಿನ ಮೇಲೂ ಜಾರಲಿಲ್ಲ. ಎಂಟನೇ ದಿನ ಬೆಳಿಗ್ಗೆ ಮೊದಲ ಹೆಜ್ಜೆಗೆ ಮುಳ್ಳು ಅರ್ಧವೇ ಚುಚ್ಚಿತು.

ಬೂಟಿನ ಜಾಹೀರಾತುಗಳಲ್ಲಿ ‘ದಿನವಿಡೀ ಆರಾಮ’ ಅಂತ ಬರೆದಿರುತ್ತಾರೆ. ಹಾಕಿಕೊಂಡವರು ಕಾರಿನಿಂದ ಇಳಿದು ಲಿಫ್ಟು ಹತ್ತುತ್ತಾರೆ. ಅವರ ಆರಾಮಕ್ಕೆ ಬೂಟು ಬೇಕಿಲ್ಲ, ಬರಿ ಕಾಲುಚೀಲ ಸಾಕು. ದಿನವಿಡೀ ಅನ್ನುವ ಮಾತಿನ ಅರ್ಥ ಗೊತ್ತಿರುವವರ ಕಾಲಿಗೆ ಆ ಬೂಟು ಬಂದದ್ದು ಒಂದು ತಪ್ಪು ಅಳತೆಯಿಂದ.

ಮನೆಯಲ್ಲಿ ಹಾಕಿದ್ದಾಯಿತು. ಹುಳದ ಮನೆಗೆ ಹೋಗುವುದು ಹೇಗೆ? ಶಿವರತ್ನಮ್ಮನವರಿಗೆ ಒಂದು ನಿಯಮ ಚೆನ್ನಾಗಿ ಗೊತ್ತಿತ್ತು. ಹೊರಗಿನಿಂದ ಹುಳದ ಮನೆಗೆ ಬರುವ ಯಾವ ಸಾಮಾನೇ ಆಗಲಿ, ಟ್ರೇ, ಕತ್ತಿ, ಬಲೆ, ಗೋಣಿತಾಟು, ಬ್ಲೀಚಿಂಗ್ ಪೌಡರಿನ ತೊಟ್ಟಿಯಲ್ಲಿ ಮುಳುಗೆದ್ದೇ ಬರಬೇಕು. ಅವರು ಯೋಚನೆಯನ್ನೂ ಮಾಡಲಿಲ್ಲ. ಹುಳದ ಮನೆಗೆ ಹೋಗುವ ವಸ್ತು ಅಂದಮೇಲೆ ತೊಟ್ಟಿಗೆ ಇಳಿಯಬೇಕು, ಅಷ್ಟೆ. ಮನೆಯ ಬಕೆಟ್ಟಿನಲ್ಲಿ ಅದೇ ಹದಕ್ಕೆ ಪೌಡರು ಕಲಸಿ, ಬೂಟು ಮುಳುಗಿಸಿ, ತೇಲಿ ಬರಬಾರದು ಅಂತ ಮೇಲೆ ರುಬ್ಬುಗುಂಡು ಇಟ್ಟು ಮಲಗಿದರು. ಬೇರೆ ಯಾರಾದರೂ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಇಪ್ಪತ್ತೊಂಬತ್ತು ವರ್ಷ ನಿಯಮ ತಪ್ಪದವರು ಮಾತ್ರ ಇಂಥ ಕೆಲಸ ಮಾಡಬಲ್ಲರು.

ಬೆಳಿಗ್ಗೆ ಎತ್ತಿದಾಗ ಕೆಂಪು ಹೋಗಿ ಹಸಿ ಚಪಾತಿಯ ಬಣ್ಣ ಬಂದಿತ್ತು. ಬಲಗಾಲಿನ ಅಡಿ ಮುಂದಿನಿಂದ ಬಿಟ್ಟುಕೊಂಡು ಬಾಯಿ ತೆರೆದಿತ್ತು.

ಕಾಲು ನೋವಿಗೆ ಅಳದ ಹೆಂಗಸು ಬೂಟಿಗೆ ಅತ್ತರು. ಸೊಸೆಯ ವರಸೆಯ ಹುಡುಗಿ, ತಮ್ಮನ ಮಗಳು, ಗೆದ್ದು ತಂದ ಬಹುಮಾನ. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು, ಕುಂಟುತ್ತ ಕೊಳ್ಳೇಗಾಲದ ಬಸ್ಸು ಹತ್ತಿದರು.

ಬಸ್ ಸ್ಟ್ಯಾಂಡಿನ ಹತ್ತಿರ ಛತ್ರಿಯ ಕೆಳಗೆ ಮೂರ್ತಿ ಕೂರುತ್ತಾನೆ. ಚಪ್ಪಲಿ, ಬ್ಯಾಗು, ಶಾಲೆಯ ಬೂಟು, ಏನಿದ್ದರೂ ಹೊಲಿದುಕೊಡುತ್ತಾನೆ. ಬೂಟನ್ನು ತಿರುಗಿಸಿ ಮುರುಗಿಸಿ ನೋಡಿದ.

“ಅಕ್ಕೋ, ಇದನ್ನ ಯಾರು ಬೇಯ್ಸಿದ್ದು?”

“ಬೇಯ್ಸಿಲ್ಲ ಕಣಪ್ಪ. ಬ್ಲೀಚಿಂಗಲ್ಲಿ ನೆನಾಕಿದ್ದೆ.”

“ಯಾಕೆ, ಬೂಟಿಗೆ ಏನಾದ್ರೂ ಸೀಕು ಬಂದಿತ್ತಾ?”

ಶಿವರತ್ನಮ್ಮ ಎಲ್ಲವನ್ನೂ ಹೇಳಿದರು. ಹಿಮ್ಮಡಿ, ಹುಳ, ಮುದುಕರ ಮೂಗು, ಯುಗಾದಿ ಬ್ಯಾಚು. ಮೂರ್ತಿ ಕೇಳುತ್ತಲೇ ಒಳಗೆ ಕೈ ತೂರಿಸಿ ಒತ್ತಿ ನೋಡಿದ. “ಬಣ್ಣ ಸತ್ತದೆ, ಅಂಟು ಸತ್ತದೆ. ಒಳಗಿನ್ ಸ್ಪಂಜಿಗೆ ಇನ್ನೂ ಜೀವ ಅದೆ. ಸಲೂಷನ್ ಆಕಿ ಅಂಟಿಸ್ಬುಡ್ತೀನಿ, ಕೂತ್ಕ ಅಕ್ಕ.”

“ಸಲೂಷನ್ನು ಬ್ಯಾಡ. ಅದರ ವಾಸ್ನೆಗೆ ಉಳ ಸತ್ತೋಯ್ತವೆ.”

“ಅಂಟಿಲ್ದೆ ಎಂಗ್ ನಿಲ್ತದೆ?”

“ನಿಮ್ಮಪ್ಪ ಎಂಗ್ ನಿಲ್ಸ್ತಿದ್ದ?”

ಮೂರ್ತಿ ಅವರ ಮುಖ ನೋಡಿದ. ಅವನ ಅಪ್ಪ ಇದೇ ಜಾಗದಲ್ಲಿ ಕೂತು, ಅಂಟಿನ ಡಬ್ಬಿ ಕಾಣದೆ, ದಾರ ಮತ್ತು ಸೂಜಿಯಲ್ಲೇ ಎಕ್ಕಡ ಕಟ್ಟುತ್ತಿದ್ದವನು. ಮಗ ಆ ಕೆಲಸ ಕಲಿತಿದ್ದ, ಆದರೆ ಕೇಳುವವರಿರಲಿಲ್ಲ. ಅವತ್ತು ಎರಡು ಬಸ್ಸು ಹೋಗುವಷ್ಟು ಹೊತ್ತು ಕೂತು ಎರಡೂ ಬೂಟಿನ ಅಡಿಯ ಸುತ್ತ ದಪ್ಪ ನೈಲಾನ್ ದಾರದಲ್ಲಿ ಒಂದೊಂದೇ ಹೊಲಿಗೆ ಹಾಕಿದ. ಕೊನೆಯಲ್ಲಿ ಹಲ್ಲಿನಿಂದ ದಾರ ಕಡಿದು, “ಈಗ ತೊಟ್ಟೀಲಲ್ಲ, ಕಾವೇರೀಲಿ ಮುಳುಗ್ಸು, ಬಿಡಕ್ಕಿಲ್ಲ,” ಅಂದ. ಹಳೆಯ ಆಕಾರ, ಹೊಸ ಸ್ಪಂಜು, ಅದರ ಮೇಲೆ ಮೂರ್ತಿಯ ಅಪ್ಪನ ಹೊಲಿಗೆ. ಯಾವ ಕಂಪನಿಗೂ ಹೊಳೆದಿರದ ಬೂಟು ಅದು.

ಮುಂದಿನ ಭಾನುವಾರ ಬಂದ ನಾಗಶ್ರೀ ಮತ್ತೊಮ್ಮೆ ಪೌಡರಿನ ನೀರಿನಲ್ಲಿ ಮುಳುಗೆದ್ದು ಸೂರಿನ ಹಂಚಿನ ಮೇಲೆ ಒಣಗುತ್ತಿದ್ದ ಬೂಟು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅತ್ತೆ, ಈಗ ನಿಜವಾಗ್ಲೂ ನಲವತ್ ವರ್ಷದ್ದಾಯ್ತು. ಜನ ಜಾಸ್ತಿ ದುಡ್ ಕೊಟ್ಟು ಇಂಗೇ ಬಣ್ಣ ಮಾಸಿರೋದ್ನ ತಕತಾರೆ ಗೊತ್ತಾ?”

“ಬೈಯ್ಯಮ್ಮಿ, ನಗಬ್ಯಾಡ.”

“ಬೈಯಲ್ಲ. ನಿಮ್ ಯಜಮಾನ್ರು ಒಪ್ಪಿದ್ರಾ ಅದೇಳಿ.”

ಒಪ್ಪುವುದಿರಲಿ, ಅವರಿಗೆ ಹೇಳಿಯೇ ಇರಲಿಲ್ಲ. ಬೂಟು ಹತ್ತು ದಿನ ಬಿಸಿಲು ಗಾಳಿ ಕುಡಿದು ಬ್ಲೀಚಿಂಗಿನ ವಾಸನೆಯೂ ಹೋದ ಮೇಲೆ, ಯುಗಾದಿ ಬ್ಯಾಚಿನ ಹುಳ ಮೊದಲನೆಯ ಜ್ವರದಿಂದ ಎದ್ದ ದಿನ, ಶಿವರತ್ನಮ್ಮ ಅದನ್ನು ಶುಭ್ರವಾದ ಬಟ್ಟೆಯಲ್ಲಿ ಸುತ್ತಿಕೊಂಡು ಕಬ್ಬಿಣದ ಕುರ್ಚಿಯ ಎದುರು ನಿಂತರು.

ಪುಟ್ಟಮಾದಪ್ಪನವರು ಗಂಟು ಬಿಚ್ಚಿಸಿದರು. ನೋಡಿದರು. ಬಗ್ಗಿ ಮೂಸಿದರು. ಒಳಗೆ ಮೂಗು ತೂರಿಸಿಯೂ ಮೂಸಿದರು.

“ಉಳದ ಮನೆಗೆ ಮೆಟ್ಟಾ ರತ್ನವ್ವ?”

“ಒರಗಡೆ ತುಳಿಯಕ್ಕಿಲ್ಲ ಯಜಮಾನ್ರೆ. ಒಳಗೇ ಇರ್ತದೆ, ಒಳಗೇ ಆಕ್ಕತೀನಿ, ಒಳಗೇ ಬಿಚ್ತೀನಿ.”

“ರಬ್ಬರು ಕಣವ್ವ. ನನ್ ಮೂಗಿಗೆ ಗೊತ್ತಾಗ್ದಿರೋದು ಉಳಕ್ಕೆ ಗೊತ್ತಾಯ್ತದೆ.”

“ಸರಿ, ಉಳನೇ ಕೇಳ್ಮ,” ಅಂದರು ಶಿವರತ್ನಮ್ಮ.

ಪಕ್ಕದ ಹೊಲದವರು ಔಷಧಿ ಹೊಡೆದರೆ ನಮ್ಮ ತೋಟದ ಸೊಪ್ಪಿಗೆ ಗಾಳಿ ಬಂದಿದೆಯೋ ಇಲ್ಲವೋ ತಿಳಿಯಲು ರೇಷ್ಮೆಯವರು ಮಾಡುವ ಒಂದು ಪರೀಕ್ಷೆ ಇದೆ. ಬೊಗಸೆ ಹುಳವನ್ನು ಬೇರೆ ಇಟ್ಟು ಆ ಸೊಪ್ಪನ್ನು ಮೊದಲು ಅವಕ್ಕೆ ಹಾಕುತ್ತಾರೆ. ಬದುಕಿದರೆ ಮಿಕ್ಕವಕ್ಕೆ. ಪುಟ್ಟಮಾದಪ್ಪನವರು ಆ ಪರೀಕ್ಷೆ ಇಲ್ಲದೆ ಒಂದು ಎಲೆಯನ್ನೂ ಒಳಗೆ ಬಿಟ್ಟವರಲ್ಲ. ಬೂಟಿಗೂ ಅದೇ ಮಾಡಿ ಅಂದರೆ ಅವರು ಹೇಗೆ ಬೇಡ ಅನ್ನುತ್ತಾರೆ?

ಬೇಡ ಅನ್ನಲಿಲ್ಲ. ಆದರೆ ಬಿಗಿಯಾದ ಷರತ್ತು ಹಾಕಿದರು. ಸುಣ್ಣದ ಚೀಲ ಇಡುವ ಸಣ್ಣ ಕೋಣೆಯಲ್ಲಿ ಒಂದು ರಟ್ಟಿನ ಡಬ್ಬ. ಡಬ್ಬದ ತಳದಲ್ಲಿ ಬೂಟು, ಅದರ ಮೇಲೆ ಸಣ್ಣ ಟ್ರೇ, ಟ್ರೇಯಲ್ಲಿ ಎಣಿಸಿ ನೂರು ಹುಳ. ಮೇಲೆ ಮುಚ್ಚಳ, ವಾಸನೆ ಎಲ್ಲೂ ಓಡಿಹೋಗಬಾರದು. ಎರಡನೆಯ ಜ್ವರಕ್ಕೆ ಕೂತು ಅವು ಸರಿಯಾಗಿ ಎದ್ದರೆ ಬೂಟು ಒಳಗೆ. ಏಳದಿದ್ದರೆ ಬೂಟೂ ಮನೆಗೆ, ಶಿವರತ್ನಮ್ಮನೂ ಮನೆಗೆ.

ಆ ನಾಲ್ಕು ದಿನ ಅವರು ಬರಿಗಾಲಲ್ಲೇ ನಿಂತರು. ದಿನಕ್ಕೆ ಮೂರು ಸಲ ಕತ್ತಿ ಹಿಡಿದು, ಡಬ್ಬದ ಹುಳಗಳಿಗೆ ಅಂತಲೇ ಶ್ಯಾವಿಗೆಯ ಹಾಗೆ ಸೊಪ್ಪು ಹೆಚ್ಚಿ ಹಾಕಿ ಬರುತ್ತಿದ್ದರು. ಎರಡನೆಯ ದಿನ ಬೆಳಿಗ್ಗೆ ಮುಚ್ಚಳ ತೆಗೆದಾಗ ತಾವು ಹಾಕಿದ ಸೊಪ್ಪಿನ ಮೇಲೆ ಬೇರೆ ಸೊಪ್ಪು ಕಂಡಿತು. ಎಳೆಯದು, ತೋಟದ ತುದಿಯ ಗಿಡದ್ದು, ನೀರಿನ ಹನಿ ಆರಿಸಿ ಜೋಪಾನವಾಗಿ ಹಾಕಿದ್ದು. ಬೆರಳಗಲದ ತುಂಡುಗಳು. ಉಪ್ಪೆಸರಿಗೆ ಹೆಚ್ಚಿದ ಹಾಗೆ.

ಶಿವರತ್ನಮ್ಮ ಆ ತುಂಡುಗಳನ್ನೇ ತೆಗೆದು, ಸಣ್ಣಗೆ ಹೆಚ್ಚಿ, ಮತ್ತೆ ಅವಕ್ಕೇ ಹಾಕಿದರು. ಮೂರನೆಯ ದಿನವೂ ಹಾಗೇ ಆಯಿತು. ಬಾಗಿಲಲ್ಲಿ ಕುರ್ಚಿಯ ಮೇಲೆ ಕೂತಿದ್ದ ಮುದುಕರ ಮುಖ ಮಾತ್ರ ಎಂದಿನಂತೆ ಸಿಡುಕಿನದೇ. “ಏನಂತವೆ ನಿನ್ ಬೂಟಿನ್ ಉಳ?” ಅಂತ ಕೇಳಿದರು. “ಮೇಯ್ತವೆ,” ಅಂದರು ಇವರು.

ಇದನ್ನು ಮೋಸ ಅಂತ ಯಾರಾದರೂ ಅಂದರೆ ನಾನು ಜಗಳಕ್ಕೆ ನಿಲ್ಲುತ್ತೇನೆ. ಪರೀಕ್ಷೆ ಇದ್ದದ್ದು ವಾಸನೆಗೆ, ಹಸಿವಿಗಲ್ಲ. ವಿಷ ಬಡಿದ ಹುಳ ಚಿನ್ನದ ಎಲೆ ಹಾಕಿದರೂ ಬದುಕುವುದಿಲ್ಲ. ಮುದುಕರಿಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ, ತಮ್ಮ ಕೈಲಾಗುವುದು ಅಷ್ಟೇ ಅಂತ, ಬೆಳಕು ಹರಿಯುವ ಮೊದಲೇ ಎದ್ದು ತೋಟಕ್ಕೆ ಹೋಗಿದ್ದಾರೆ.

ಮೂರನೆಯ ದಿನ ಮಧ್ಯಾಹ್ನ ಹುಳ ತಲೆ ಎತ್ತಿ ಕೂತವು. ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕುವ ಹಾಗಿಲ್ಲ. ಸುಣ್ಣದ ಪುಡಿ ಉದುರಿಸಿ ಕಾಯಬೇಕು. ಅವತ್ತು ಊಟದ ಹೊತ್ತಿಗೆ ಇಬ್ಬರೂ ಊಟ ಬಿಟ್ಟು ಸುಣ್ಣದ ಕೋಣೆಯ ಬಾಗಿಲಲ್ಲಿ ಎದುರುಬದುರಾದರಂತೆ. “ನಾನು ಸುಣ್ಣ ನೋಡಕ್ಕೆ ಬಂದೆ,” ಅಂದರು ಅವರು. “ನಾನೂವೆ,” ಅಂದರು ಇವರು.

ನಾಲ್ಕನೆಯ ದಿನ ಸಂಜೆ ಮುಚ್ಚಳ ತೆಗೆದಾಗ ಹುಳ ಎದ್ದು ಓಡಾಡುತ್ತಿದ್ದವು. ಪುಟ್ಟಮಾದಪ್ಪನವರು ಕನ್ನಡಕ ಹಾಕಿ, ಗರಿಕೆ ಕಡ್ಡಿಯಲ್ಲಿ ಒಂದೊಂದನ್ನೇ ಸರಿಸಿ ಎಣಿಸಿದರು. ತೊಂಬತ್ತೆಂಟು. ಎರಡು ಎದ್ದಿರಲಿಲ್ಲ.

ಅವರು ಆ ಎರಡನ್ನು ಅಂಗೈ ಮೇಲೆ ಇಟ್ಟುಕೊಂಡು ಬೆಳಕಿಗೆ ಹಿಡಿದರು. ಶಿವರತ್ನಮ್ಮ ಕಾಲು ಬದಲಿಸಿದರು, ನೋವಿನ ಕಾಲಿನಿಂದ ಇನ್ನೊಂದು ನೋವಿನ ಕಾಲಿಗೆ. ಎರಡು ಅಂದರೆ ಎರಡೇ. ಆದರೆ ಷರತ್ತಿನಲ್ಲಿ ಎರಡಕ್ಕೆ ಜಾಗ ಇಟ್ಟಿರಲಿಲ್ಲ.

ಮುದುಕರು ಒಳಗೆ ಹೋದರು. ದೊಡ್ಡ ರ್‍ಯಾಕಿನ ನಡುವಿನ ಒಂದು ಟ್ರೇ ಇಳಿಸಿ, ಅದರಿಂದಲೂ ನೂರು ಹುಳ ಎಣಿಸಿದರು. ಬೂಟಿನ ಗಾಳಿ ಸೋಕದ ಹುಳ. ಅವುಗಳಲ್ಲಿ ಎದ್ದಿರದವು ನಾಲ್ಕು.

“ಬೂಟಿನ್ ಉಳವೇ ವಾಸಿ,” ಅಂದರು. ಬಂದು ಕುರ್ಚಿಯ ಮೇಲೆ ಕೂತರು. “ಒಳಗಡೆ ಮೊಳೆ ಒಡೆದ್ಕ. ನೆಲದ ಮ್ಯಾಲೆ ಬಿಡಬ್ಯಾಡ.”

“ಯಜಮಾನ್ರೆ.”

“ಏನು?”

“ಸೊಪ್ಪು ಒಸಿ ಸಣ್ಣಗೆ ಎಚ್ಚದು ಕಲೀರಿ.”

ಮುದುಕರು ಟವೆಲ್ಲು ಕೊಡವಿ ರಸ್ತೆಯ ಕಡೆ ನೋಡಿದರು.

ಈಗ ದಿನವೂ ಬೆಳಿಗ್ಗೆ ಆ ಅಂಗಳದ ಆಚೆ ಚಪ್ಪಲಿಗಳ ಸಾಲು ನಿಂತಿರುತ್ತದೆ. ಎಲ್ಲರೂ ಬಿಚ್ಚಿ ಒಳಗೆ ಹೋಗುತ್ತಾರೆ. ಶಿವರತ್ನಮ್ಮನೂ ಬಿಚ್ಚಿ, ಕಾಲು ತೊಳೆದು, ಒಳಗೆ ಹೋಗಿ, ಮೊಳೆಯಿಂದ ಬೂಟು ಇಳಿಸಿ ಹಾಕಿಕೊಳ್ಳುತ್ತಾರೆ. ಹಾಕಿಕೊಳ್ಳಲು ಒಂದು ಸ್ಟೂಲು ಬೇಕಲ್ಲ, ಅದೂ ಬಂದಿದೆ. ಬೂಟು ಹಾಕಿದ ಮೇಲೂ ಅದನ್ನು ಯಾರೂ ತೆಗೆದಿಡುವುದಿಲ್ಲ. ಹಿಮ್ಮಡಿ ಪೂರ್ತಿ ವಾಸಿಯಾಗಿಲ್ಲ. ಆದರೆ ಅವರು ಎರಡೂ ಕಾಲಿನ ಮೇಲೆ ನಿಲ್ಲುತ್ತಾರೆ. ಕೆಲಸಕ್ಕಿರುವ ಇನ್ನಿಬ್ಬರು ಹೆಂಗಸರು ನಮಗೂ ಬೂಟು ಅಂತ ಕೇಳಿದ್ದಾರೆ. ಪುಟ್ಟಮಾದಪ್ಪನವರು ಯೋಚನೆ ಮಾಡುತ್ತಿದ್ದಾರೆ. ಅವರು ಬೇಗ ಯೋಚನೆ ಮಾಡಿ ಮುಗಿಸಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ. ಅವರು ಪತ್ರಿಕೆ ಓದುತ್ತಾರೆ.

ಹೋದ ತಿಂಗಳು ಕೇಂದ್ರ ನೋಡಲು ಒಬ್ಬ ಸಾಹೇಬರು ಬಂದಿದ್ದರು. ಬಾಗಿಲಲ್ಲಿ ಮುದುಕರು ತಡೆದರು. ಸಾಹೇಬರು ಬಗ್ಗಿ, ತಮ್ಮ ಕರಿ ಶೂಗಳ ಲೇಸು ಬಿಚ್ಚುತ್ತ ಒಳಗೆ ನೋಡಿದರು. ಸೀರೆಯ ಕೆಳಗೆ ಮಾಸಿದ ದೊಡ್ಡ ಬೂಟು ಹಾಕಿಕೊಂಡ ಹೆಂಗಸೊಬ್ಬರು ಟ್ರೇ ಎತ್ತಿ ಇಡುತ್ತಿದ್ದರು.

“ಏನ್ರೀ ಇದು? ಆಯಮ್ಮ ಮಾತ್ರ ಬೂಟು ಹಾಕ್ಕೊಂಡಿದಾರೆ?”

“ಅದು ಪರೀಕ್ಷೆ ಪಾಸಾಗ್ಬುಟ್ಟದೆ ಸಾ,” ಅಂದರು ಪುಟ್ಟಮಾದಪ್ಪನವರು. “ನಿಮ್ದು ಕೂತಿಲ್ಲ.”